ಗುಂಯ್ ಅನ್ನದ ಇಯರ್‌ಫೋನ್

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಮಾತು ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ ನಡೆಯುತ್ತದೆ. ಬೆಳಗಾಗುತ್ತಲೇ ಶುರುವಾದ ಪವರ್‌ಲೂಮುಗಳು ಕತ್ತಲಾದರೂ ನಿಲ್ಲುವುದಿಲ್ಲ. ಆ ಖಟಖಟದ ನಡುವೆ 'ಊಟ ಆಯ್ತಾ' ಅಂತ ಕೇಳಬೇಕಾದವರು ಐದು ಬೆರಳು ಕೂಡಿಸಿ ಬಾಯ ಹತ್ತಿರ ತರುತ್ತಾರೆ. 'ಕರೆಂಟು ಹೋಗುತ್ತಂತೆ' ಅನ್ನಲು ಅಂಗೈ ಮಗುಚುತ್ತಾರೆ. 'ಅವನು ಬರ್ತಿದಾನೆ, ಸುಮ್ಮನಿರು' ಅನ್ನಲು ಒಂದು ಹುಬ್ಬು ಸಾಕು. ಬೇರೆ ಊರಿಂದ ಮದುವೆಯಾಗಿ ಬಂದ ಸೊಸೆಯಂದಿರು ಅತ್ತೆಯ ತುಟಿ ಓದುವುದನ್ನು ಕಲಿಯುವಷ್ಟರಲ್ಲಿ ಮೊದಲ ಯುಗಾದಿ ಬಂದಿರುತ್ತದೆ.

ಇಂಥ ಬೀದಿಯಲ್ಲಿ ಒಬ್ಬ ಮನುಷ್ಯ ಕಿವಿಯಿಂದ ಹೆಸರು ಮಾಡಿದ್ದ ಅಂದರೆ ನಂಬುವುದು ಕಷ್ಟ. ಗೋವಿಂದರಾಜು ಮಾಡಿದ್ದ.

ಅವನ ಅಪ್ಪ ದೊಡ್ಡಬೆಳವಂಗಲದ ಕಡೆಯ ರಾಗಿ ಹೊಲವನ್ನು ತಮ್ಮನಿಗೆ ಬಿಟ್ಟುಕೊಟ್ಟು ಪೇಟೆಗೆ ಬಂದು ಮಗ್ಗ ಹಾಕಿದವರು. ಗೋವಿಂದರಾಜು ಅಂಬೆಗಾಲಿಟ್ಟಿದ್ದು ಮಗ್ಗದ ಪಕ್ಕದಲ್ಲೇ. ಆ ಮಗು ಅಳುತ್ತಿದ್ದದ್ದು ಕರೆಂಟು ಹೋದಾಗ ಮಾತ್ರ ಎಂದು ಅವನ ತಾಯಿ ಬಂದವರಿಗೆಲ್ಲ ಹೇಳುತ್ತಿದ್ದರು, ಹೆಮ್ಮೆಯಿಂದಲೇ ಹೇಳುತ್ತಿದ್ದರು. ಹತ್ತನೇ ತರಗತಿಯಲ್ಲಿ ಗಣಿತ ಅವನನ್ನು ಮರಳಿ ಮಗ್ಗದ ಮನೆಗೆ ಕಳಿಸಿತು. ಅಲ್ಲಿಂದಾಚೆ ಅವನು ಬೇರೆಲ್ಲಿಗೂ ಹೋಗುವ ಪ್ರಯತ್ನ ಮಾಡಲಿಲ್ಲ. ಮದುವೆಯಾಯಿತು, ಮಗಳು ನವ್ಯಶ್ರೀ ಹುಟ್ಟಿದಳು, ಓದಿದಳು, ದೇವನಹಳ್ಳಿಗೆ ಸೊಸೆಯಾಗಿ ಹೋದಳು. ತಲೆಗೂದಲು ಹಿಂದೆ ಸರಿಯಿತು. ಮಗ್ಗಗಳು ಮಾತ್ರ ಇದ್ದಲ್ಲೇ ಇದ್ದವು.

ಕಿವಿಯ ಖ್ಯಾತಿ ಶುರುವಾದದ್ದು ಪಕ್ಕದ ಮನೆಯ ಮುನಿರಾಮಯ್ಯನಿಂದ. ಗೋವಿಂದರಾಜು ಒಂದು ದಿನ ಕಾಫಿ ಲೋಟ ಹಿಡಿದು ಬೀದಿಯಲ್ಲಿ ಹೋಗುತ್ತಿದ್ದವನು ಮುನಿರಾಮಯ್ಯನ ಕಿಟಕಿಯ ಮುಂದೆ ಗಕ್ಕನೆ ನಿಂತು, "ಮುನಿರಾಮಣ್ಣಾ, ಒಳಗಿನ ಮೂಲೆ ಮಗ್ಗದ ಲಾಳಿ ಎಡಗಡೆ ಸರಿಯಾಗಿ ಕೂರ್ತಿಲ್ಲ ನೋಡು" ಅಂದಿದ್ದ. ಬಿಚ್ಚಿ ನೋಡಿದರೆ, ಹೌದು, ಲಾಳಿ ಬಂದು ಕೂರುವ ಪೆಟ್ಟಿಗೆಯ ತಿರುಪು ಸಡಿಲವಾಗಿತ್ತು. ಅಂದಿನಿಂದ ಅವನು ಬೀದಿಗೆ ಕಿವಿ ಗೋವಿಂದರಾಜು ಆದ. ಯಾರ ಮಗ್ಗ ಮುನಿಸಿಕೊಂಡರೂ ಅವನಿಗೆ ಕರೆ. ಅವನು ಬರುತ್ತಿದ್ದ. ಎರಡೂ ಕೈ ಹಿಂದೆ ಕಟ್ಟುತ್ತಿದ್ದ. ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆ ವಾಲಿಸಿ, "ಸ್ವಲ್ಪ ಆ ಕಡೆ ಸರೀರಿ" ಎಂದು ಸುತ್ತ ನಿಂತವರಿಗೆ ಬೆರಳು ತೋರಿಸುತ್ತಿದ್ದ. ಅಷ್ಟು ದೊಡ್ಡ ಗದ್ದಲದಲ್ಲಿ ನಾಲ್ಕು ಜನ ಪಕ್ಕಕ್ಕೆ ಸರಿದರೆ ಕೇಳುವುದರಲ್ಲಿ ಏನು ವ್ಯತ್ಯಾಸವಾಗುತ್ತದೋ ಯಾರೂ ಕೇಳಿರಲಿಲ್ಲ. ಆಮೇಲೆ ಕಣ್ಣು ತೆರೆದು ರೋಗದ ಹೆಸರು ಹೇಳುತ್ತಿದ್ದ. ಕೂಲಿ ಮುಟ್ಟುತ್ತಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡಿರುವಷ್ಟು ಹೊತ್ತು ಉಳಿದವರು ಅವನ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದರಲ್ಲ, ಅದೇ ಅವನಿಗೆ ಸಂಬಳ.

ಈಚೀಚೆಗೆ ಒಂದೆರಡು ಸಲ ಅವನು ಹೇಳಿದ ರೋಗ ಒಂದು, ಬಿಚ್ಚಿದಾಗ ಸಿಕ್ಕಿದ್ದು ಇನ್ನೊಂದು. ಆ ತಪ್ಪನ್ನು ಅವನು ಮಗ್ಗದ ಮೇಲೆ ಹಾಕಿ ಮನೆಗೆ ಬಂದಿದ್ದ.

ಇಯರ್‌ಫೋನಿನ ವಿಚಾರ ತಂದವಳು ಹೆಂಡತಿ ಶಾಮಲಾ. ಗೋವಿಂದರಾಜುಗೆ ನಾಗಸ್ವರ ಅಂದರೆ ಪ್ರಾಣ. ಮಧ್ಯಾಹ್ನ ಊಟವಾದ ಮೇಲೆ ದಿವಾನಿನ ಮೇಲೆ ಅಂಗಾತ ಮಲಗಿ, ಫೋನನ್ನು ಎದೆಯ ಮೇಲಿಟ್ಟು, ಸೌಂಡನ್ನು ಕೊನೆಯವರೆಗೂ ಏರಿಸಿ ನಾಗಸ್ವರ ಕೇಳುತ್ತಿದ್ದ. ಸಣ್ಣ ಫೋನು ಕೈಲಾಗದಿದ್ದರೂ ಕಿರುಚುತ್ತಿತ್ತು.

"ನಾಗಸ್ವರಾನ ಇದು? ಬಾಗಿಲಿಗೆ ಕಾಲು ಸಿಕ್ಕಾಕ್ಕೊಂಡಿರೋ ಬೆಕ್ಕಿನಂಗದೆ," ಅಂದಳು ಶಾಮಲಾ ಒಂದು ದಿನ. "ಊರಲ್ಲಿ ಎಲ್ರೂ ಕಿವಿಗೆ ಹಾಕ್ಕೊಂತಾರಲ್ಲ, ನೀವೂ ಒಂದು ತಂದು ಹಾಕ್ಕೊಳ್ಳಿ. ಇಲ್ಲಾಂದ್ರೆ ದಿವಾನ ಎತ್ಕೊಂಡು ಮಗ್ಗದ ಮನೆಗೇ ಹೋಗ್ಬಿಡಿ."

ಗೋವಿಂದರಾಜು ಚಲಪತಿಯ ಅಂಗಡಿಗೆ ಹೋದ. ಚಲಪತಿ ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯವನು. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅಂಗಡಿ ಇಟ್ಟು ಫೋನಿನ ಕವರು, ಚಾರ್ಜರು, ಇಯರ್‌ಫೋನು ಮಾರುತ್ತಿದ್ದ. ದೊಡ್ಡ ದೊಡ್ಡ ಕಂಪನಿಗಳ ದುಬಾರಿ ಮಾಲು ಅಲ್ಲಿರಲಿಲ್ಲ. ಬಡವರೂ ಕೊಳ್ಳಬಹುದಾದ ಇಯರ್‌ಫೋನುಗಳು ಗೋಡೆಯ ಮೇಲೆ ಪಡವಲಕಾಯಿ ಚಪ್ಪರದ ಹಾಗೆ ಇಳಿಬಿದ್ದಿದ್ದವು.

"ಬನ್ನಿ ಅಣ್ಣಾ. ಇದು ನೋಡಿ, ಎಕ್ಸ್‌ಟ್ರಾ ಬಾಸು. ಹಾಕ್ಕೊಂಡ್ರೆ ತಲೆ ಒಳಗೇ ತಮಟೆ."

"ತಲೆ ಒಳಗೆ ತಮಟೆ ಯಾಕಪ್ಪಾ? ನಾಗಸ್ವರ ಕೇಳ್ಬೇಕು ನಾನು."

"ಹಂಗಾದ್ರೆ ಇದು. ಟ್ರೆಬಲ್ ಜಾಸ್ತಿ."

"ಅಂದ್ರೆ?"

ಚಲಪತಿ ಯೋಚಿಸಿದ. ಆ ಮಾತನ್ನು ಅವನು ಡಬ್ಬದ ಮೇಲೆ ಓದಿದ್ದನೇ ಹೊರತು ಯಾರಿಗೂ ಬಿಡಿಸಿ ಹೇಳಿರಲಿಲ್ಲ. "ಅಂದ್ರೆ... ಬಾಸು ಕಮ್ಮಿ ಅಣ್ಣಾ," ಅಂದ.

ಸಾಮಾನ್ಯ ಗಿರಾಕಿ ಅಲ್ಲಿಗೆ ಒಂದನ್ನು ಎತ್ತಿಕೊಂಡು ಹೋಗುತ್ತಿದ್ದ. ಗೋವಿಂದರಾಜು ಸಾಮಾನ್ಯ ಗಿರಾಕಿಯಲ್ಲ. ಕಿವಿಗೆ ಸಂಬಂಧಪಟ್ಟ ಯಾವ ವಸ್ತುವನ್ನಾದರೂ ಅವನು ಸುಮ್ಮನೆ ಕೊಂಡರೆ ಬೀದಿಯವರು ಏನೆಂದುಕೊಂಡಾರು? ಅವನು ಮೊದಲು ಹಿತ ಪರೀಕ್ಷೆ ಮಾಡಿದ. ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಅಳತೆಯ ರಬ್ಬರ್ ಟೋಪಿಗಳಿದ್ದವು. ಸಣ್ಣದನ್ನು ಹಾಕಿ ಬಗ್ಗಿದಾಗ ಬಲಗಡೆಯದು ಜಾರಿ ಚಲಪತಿಯ ಕಾಫಿಗೆ ಬಿತ್ತು. ದೊಡ್ಡದನ್ನು ಹಾಕಿ ಎಲೆಯಡಿಕೆ ಜಗಿಯುವಂತೆ ದವಡೆ ಆಡಿಸಿದಾಗ ಕಿವಿಯೊಳಗೆ ಯಾರೋ ಹೆಬ್ಬೆರಳಿಟ್ಟು ತಿರುವಿದಂತಾಯಿತು. ಮಧ್ಯಮದ್ದು ಕೂತಿತು. ಮಗ್ಗದ ಕೆಳಗೆ ತೂರುವವನಂತೆ ಬಗ್ಗಿ, ಎದ್ದು, ಪಕ್ಕಕ್ಕೆ ತಿರುಗಿ, ಒಮ್ಮೆ ಆಕಳಿಸಿ ನೋಡಿದ. ಬೀಳಲಿಲ್ಲ. ತಂತಿಯನ್ನು ಮುಂದಿನಿಂದ ಬಿಡುವುದಕ್ಕಿಂತ ಕಿವಿಯ ಹಿಂದಿನಿಂದ ಸುತ್ತಿಸಿ ಬಿಟ್ಟರೆ ಎಳೆತ ಕಡಿಮೆ ಎಂದು ತಾನೇ ಕಂಡುಹಿಡಿದು ಚಲಪತಿಗೂ ಹೇಳಿಕೊಟ್ಟ. ಅದು ಡಬ್ಬದ ಹಿಂದೆ ಚಿತ್ರಸಮೇತ ಅಚ್ಚಾಗಿತ್ತು. ಚಲಪತಿ ಆ ಡಬ್ಬವನ್ನು ಮರ್ಯಾದೆಯಿಂದ ಮಗುಚಿ ಇಟ್ಟ.

ಮನೆಗೆ ಬಂದವನು ಒಳಕೋಣೆಯ ಬಾಗಿಲು ಹಾಕಿಕೊಂಡು, ನಾಗಸ್ವರ ಹಚ್ಚಿ, ಕಣ್ಣು ಮುಚ್ಚಿದ. ಚೆನ್ನಾಗಿಯೇ ಶುರುವಾಯಿತು. ಆದರೆ ನಾಗಸ್ವರದವರು ಉಸಿರು ಎಳೆದುಕೊಳ್ಳಲು ನಿಲ್ಲಿಸಿದ ಜಾಗದಲ್ಲಿ, ತವಿಲಿನ ಎರಡು ಪೆಟ್ಟುಗಳ ನಡುವಿನ ಸಂದಿನಲ್ಲಿ, ಹಿಂದಿನಿಂದ ಏನೋ ಒಂದು ಇಣುಕಿತು. ಗುಂಯ್.

ಗೋವಿಂದರಾಜು ಹಾಡು ನಿಲ್ಲಿಸಿದ. ಗುಂಯ್ ನಿಲ್ಲಲಿಲ್ಲ. ಸಣ್ಣಗೆ, ಎಡೆಬಿಡದೆ, ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನ ಹಾಗೆ.

"ಮಾಲು ಡಿಫೆಕ್ಟು," ಎಂದು ಮಾರನೇ ದಿನ ಚಲಪತಿಯ ಮುಂದೆ ಇಟ್ಟ. ಚಲಪತಿ ತಾನು ಹಾಕಿಕೊಂಡು ಕೇಳಿದ. ಏನೂ ಇರಲಿಲ್ಲ. ಆದರೂ ಕಿವಿ ಗೋವಿಂದರಾಜುವಿನೊಡನೆ ವಾದ ಯಾಕೆ ಎಂದು ಬೇರೆಯದು ಕೊಟ್ಟ. ಅದರಲ್ಲೂ ಗುಂಯ್. ಮತ್ತೊಂದು ಕೊಟ್ಟ. ಅದರಲ್ಲಿ ನಾಗಸ್ವರ ಕಂಬಳಿ ಹೊದ್ದು ಮಲಗಿದವರು ಊದಿದಂತಿತ್ತು, ಜೊತೆಗೆ ಗುಂಯ್. ಇನ್ನೊಂದರಲ್ಲಿ ತವಿಲು ಎಣ್ಣೆ ಡಬ್ಬ ಬಡಿದಂತಿತ್ತು, ಜೊತೆಗೆ ಗುಂಯ್. ತಂತಿಯೇ ಇಲ್ಲದೆ ಕುತ್ತಿಗೆಗೆ ಹಾಕಿಕೊಳ್ಳುವ ಬಗೆಯದೊಂದು ಬಂದಿತ್ತು. ಅದು ಹಾಡಿನ ನಡುವೆ ಹೆಣ್ಣು ದನಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿ ಆರಿಹೋಯಿತು. ಆರಿದ ಮೇಲೂ ಗುಂಯ್.

ಗೋವಿಂದರಾಜುಗೆ ತಲೆಕೆಟ್ಟಿತು. ಕಂಪನಿ ಬೇರೆ, ಬಣ್ಣ ಬೇರೆ, ಬಾಸು ಬೇರೆ, ಟ್ರೆಬಲ್ ಬೇರೆ, ಕಿವಿಯಲ್ಲಿ ಕೂರುವ ರೀತಿ ಬೇರೆ. ಗುಂಯ್ ಮಾತ್ರ ಒಂದೇ ಶ್ರುತಿ. ಇದು ಹೇಗೆ ಸಾಧ್ಯ? ಒಂದು ಇಡೀ ದಿನ ಯೋಚಿಸಿ, ಇವೆಲ್ಲ ಯಾವುದೋ ಒಂದೇ ಫ್ಯಾಕ್ಟರಿಯಲ್ಲಿ ತಯಾರಾಗಿ ಬೇರೆ ಬೇರೆ ಡಬ್ಬ ಸೇರುತ್ತಿವೆ ಎಂಬ ತೀರ್ಮಾನಕ್ಕೆ ಬಂದ. ಅದನ್ನು ಮುನಿರಾಮಯ್ಯನಿಗೆ ಹೇಳಿದ.

ಮುನಿರಾಮಯ್ಯ ಇಯರ್‌ಫೋನನ್ನು ತನ್ನ ರೋಮಭರಿತ ಕಿವಿಗೆ ಒತ್ತಿಕೊಂಡ. ಅವನ ಕಣ್ಣು ಅರಳಿತು. "ಹೂಂ ಕಣಯ್ಯಾ! ಗುಂಯ್ ಅಂತದೆ!"

ಎದುರು ಮನೆಯ ದೇವರಾಜ್ ಬಂದ. ಅವನೂ ಮಗ್ಗದವನೇ. "ಗುಂಯ್ ಅಲ್ಲ ಗುರು, ಕೀಂಯ್ ಅಂತದೆ," ಅಂದ.

"ಗುಂಯೋ ಕೀಂಯೋ, ಸದ್ದು ಅದೆ ತಾನೆ?"

"ಅದೆ."

ಬೀದಿಯಲ್ಲಿ ಇನ್ನೂ ಹಲವರು ಹಾಕಿಕೊಂಡು ನೋಡಿದರು. ಎಲ್ಲರಿಗೂ ಕೇಳಿಸಿತು. ಇಡೀ ಬೀದಿ ಒಂದೇ ಮಾತು ಹೇಳಿದ್ದು ಅದೇ ಮೊದಲು. ಚರಂಡಿ ವಿಚಾರದಲ್ಲೂ ಹಾಗಾಗಿರಲಿಲ್ಲ. ಗೋವಿಂದರಾಜುವಿನ ಗಲಿಬಿಲಿ ಹೋಗಿ ಆ ಜಾಗದಲ್ಲಿ ಹಿಗ್ಗು ಬಂದು ಕೂತಿತು. ಅವನು ಮುನಿರಾಮಯ್ಯ, ದೇವರಾಜ್ ಮತ್ತಿತರರನ್ನು ಹಿಂದಿಟ್ಟುಕೊಂಡು ಚಲಪತಿಯ ಅಂಗಡಿಗೆ ಹೊರಟ.

"ಅಣ್ಣಾ, ಇಷ್ಟು ಜನ ಹೇಳಿದ್ಮೇಲೆ ನಾನೇನನ್ಲಿ," ಚಲಪತಿ ಕಕ್ಕಾಬಿಕ್ಕಿಯಾಗಿ ಹೇಳಿದ. "ಆದ್ರೆ ನಂಗೆ ಕೇಳ್ತಿಲ್ವಲ್ಲ." ಸುತ್ತ ನೋಡಿದ. ಅಂಗಡಿಯ ಮೆಟ್ಟಿಲ ಪಕ್ಕ ಸೊಪ್ಪು ಮಾರುತ್ತ ಪಾಪಮ್ಮ ಕೂತಿದ್ದಳು. ಹೊಲದಲ್ಲೇ ಬೆಳೆದು, ಹೊಲದಲ್ಲೇ ಮುದುಕಿಯಾಗಿ, ದಿನಾ ಬೆಳಿಗ್ಗೆ ಬಸ್ಸಲ್ಲಿ ಸೊಪ್ಪು ತರುವವಳು. "ಅಮ್ಮಾ, ಇದನ್ನ ಒಸಿ ಕಿವಿಗೆ ಇಟ್ಕೊಂಡು ಹೇಳು."

ಪಾಪಮ್ಮ ಸೆರಗಿನಿಂದ ಕಿವಿ ಒರೆಸಿ ಇಟ್ಟುಕೊಂಡಳು. "ಏನೂ ಇಲ್ವಲ್ಲಪ್ಪ. ಬಾವಿಗೆ ಇಳಿದಂಗೆ ತಣ್ಣಗದೆ."

"ನೋಡಿದ್ರಾ?" ಅಂದ ಚಲಪತಿ.

"ಅಯ್ಯೋ, ಅದು ಸೊಪ್ಪಿನ ಕಿವಿ ಕಣೋ," ಅಂದ ಮುನಿರಾಮಯ್ಯ. "ನಮ್ದು ಮಗ್ಗದ ಕಿವಿ. ಸಣ್ಣ ಸದ್ದೂ ಬಿಡಲ್ಲ."

"ಲೇ, ನನ್ ಸೊಪ್ಪು ತಿಂದ ಬಾಯಲ್ಲೇ ಆಡ್ತೀಯಲ್ಲೋ!" ಪಾಪಮ್ಮ ಎದ್ದೇ ಬಿಟ್ಟಳು.

ಗೋವಿಂದರಾಜು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಸುತ್ತ ಜನ ಸೇರಿದ್ದರು. ಎಲ್ಲರೂ ಅವನ ಮುಖ ನೋಡುತ್ತಿದ್ದರು. ಅಂಥ ಹೊತ್ತಲ್ಲಿ ಮನುಷ್ಯ ಅಳತೆ ಮೀರಿ ಮಾತಾಡುವುದುಂಟು. "ನೋಡು ಚಲಪತಿ. ಗುಂಯ್ ಅನ್ನದ ಒಂದೇ ಒಂದು ಇಯರ್‌ಫೋನು ನೀನು ನನಗೆ ತೋರ್ಸು. ಅವತ್ತಿಂದ ಈ ಗೋವಿಂದರಾಜು ಯಾರ ಮಗ್ಗಕ್ಕೂ ಕಿವಿ ಕೊಡಲ್ಲ. ಬೀದಿ ಮುಂದೆ ಹೇಳ್ತಿದೀನಿ."

ಚಲಪತಿಗೂ ರೋಷ ಬಂತು. ಮಗ್ಗದ ಬೀದಿಯವರು ಆಗಲೇ ಅವನ ಅಂಗಡಿಗೆ ಬರುವುದನ್ನು ಬಿಟ್ಟಿದ್ದರು. ಚಾರ್ಜರು ಕೂಡ ಕೊಳ್ಳುತ್ತಿರಲಿಲ್ಲ. ಒಳಗಿನಿಂದ ಹೊಸ ಡಬ್ಬವೊಂದನ್ನು ತಂದು ಒಡೆದ. "ಇದಕ್ಕಿಂತ ಒಳ್ಳೇದು ನನ್ನತ್ರ ಇಲ್ಲ. ತಗೊಂಡೋಗಿ. ಶುಕ್ರವಾರ ಬಂದು ಇಲ್ಲೇ ನಿಂತು ಹೇಳಿ. ಇದ್ರಲ್ಲೂ ಗುಂಯ್ ಅಂದ್ರೆ ಇಯರ್‌ಫೋನ್ ಮಾರೋದನ್ನೇ ಬಿಟ್ಬಿಡ್ತೀನಿ. ಗೋಡೆ ಖಾಲಿ ಮಾಡ್ತೀನಿ."

ಮಂಗಳವಾರ ಕಂಬದ ಕೆಲಸಕ್ಕೆಂದು ಬೀದಿಗೆಲ್ಲ ಕರೆಂಟು ತೆಗೆದರು. ಮಗ್ಗಗಳು ಒಂದರ ಹಿಂದೊಂದು ನಿಂತವು. ಅಭ್ಯಾಸವಿಲ್ಲದ ಮೌನ ಬಂದು ಬೀದಿಯಲ್ಲಿ ಪೆಚ್ಚಾಗಿ ನಿಂತಿತು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು? ಗೋವಿಂದರಾಜು ದಿವಾನಿನ ಮೇಲೆ ಒರಗಿ, ಚಲಪತಿಯ ಹೊಸ ಇಯರ್‌ಫೋನನ್ನು ಫೋನಿಗೆ ಸಿಕ್ಕಿಸಿ, ತಂತಿಯನ್ನು ಕಿವಿಯ ಹಿಂದಿನಿಂದ ಸುತ್ತಿಸಿ, ಒಳಕ್ಕೆ ಒತ್ತಿದ. ರಬ್ಬರು ಬೆಣ್ಣೆಯಂತೆ ಕೂತಿತು. ಕಣ್ಣು ಮುಚ್ಚಿದ.

ಗುಂಯ್.

"ಸಿಕ್ಕಾಕ್ಕೊಂಡ ಚಲಪತಿ!" ಎಂದು ತೊಡೆ ತಟ್ಟಿದ. ನಾಗಸ್ವರ ಹಚ್ಚೋಣವೆಂದು ಫೋನು ಎತ್ತಿದರೆ ಪರದೆ ಕಪ್ಪಗಿತ್ತು. ಒತ್ತಿದ. ಮತ್ತೆ ಒತ್ತಿದ. ಬೆಳಿಗ್ಗೆಯಿಂದ ಚಾರ್ಜಿಲ್ಲದೆ ಫೋನು ಸತ್ತುಹೋಗಿತ್ತು.

ಗೋವಿಂದರಾಜು ಸತ್ತ ಫೋನನ್ನೇ ನೋಡಿದ. ಸತ್ತ ಫೋನಿಂದ ಗುಂಯ್ ಹೇಗೆ ಬರುತ್ತದೆ? ಒಳಗೆ ಎಲ್ಲೋ ಸ್ವಲ್ಪ ಕರೆಂಟು ಉಳಿದಿರಬೇಕು, ನಲ್ಲಿ ನಿಲ್ಲಿಸಿದ ಮೇಲೂ ಪೈಪಿನಲ್ಲಿ ನೀರು ಉಳಿಯುವ ಹಾಗೆ. ಪಿನ್ನು ಕಿತ್ತ. ತಂತಿಯ ತುದಿ ಗಾಳಿಯಲ್ಲಿ ತೂಗಾಡಿತು. ಗುಂಯ್. ತಂತಿಯೊಳಗೂ ಉಳಿದಿರಬಹುದು. ತಂತಿಯನ್ನು ಒದ್ದೆ ಬಟ್ಟೆಯಂತೆ ಹಿಂಡಿ, ಝಾಡಿಸಿ ನೋಡಿದ. ಗುಂಯ್. ಇಯರ್‌ಫೋನನ್ನು ಕಿವಿಯಿಂದ ತೆಗೆದು ದಿವಾನಿನ ಮೇಲಿಟ್ಟು, ಅದರಿಂದ ದೂರ ಸರಿದು ಗೋಡೆಗೆ ಒರಗಿದ. ಈಗ ಗುಂಯ್ ಸ್ವಲ್ಪ ತೆಳ್ಳಗಾಗಿತ್ತು. ಆದರೆ ಇತ್ತು. ಕೊನೆಗೆ ತನ್ನ ಎರಡೂ ತೋರುಬೆರಳನ್ನು ಕಿವಿಯೊಳಗೆ ತುರುಕಿದ.

ಗುಂಯ್ ಎಂದು ದಪ್ಪಗೆ, ಸ್ಪಷ್ಟವಾಗಿ, ಅದೇ ಶ್ರುತಿಯಲ್ಲಿ ಕೇಳಿಸಿತು.

"ಶಾಮಲಾ!" ಎಂದು ಕೂಗಿದ. ಕಿವಿಯಲ್ಲಿ ಬೆರಳಿದ್ದುದರಿಂದ ಕೂಗು ಬೀದಿಯವರೆಗೂ ಹೋಯಿತು.

ಅವರೆಕಾಯಿ ಬಿಡಿಸುತ್ತಿದ್ದ ಶಾಮಲಾ ಮೊರ ಹಿಡಿದೇ ಬಂದಳು. "ಏನಾಯ್ತು?"

"ಬೆರಳಲ್ಲಿ ಕರೆಂಟು ಇರುತ್ತಾ?"

ಶಾಮಲಾ ಗಂಡನನ್ನೂ, ಅವನ ಬೆರಳುಗಳನ್ನೂ, ದಿವಾನಿನ ಮೇಲೆ ಸುರುಳಿ ಸುತ್ತಿಕೊಂಡಿದ್ದ ಇಯರ್‌ಫೋನನ್ನೂ ನೋಡಿದಳು. ಎಷ್ಟೋ ವರ್ಷಗಳಿಂದ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಲು ಇದೇ ಸಮಯ ಅನ್ನಿಸಿರಬೇಕು. ಮೊರ ಕೆಳಗಿಟ್ಟಳು.

"ನವ್ಯ ಫೋನ್ ಮಾಡ್ದಾಗ ನೀವು ಹೂಂ ಹೂಂ ಅಂತೀರಲ್ಲ, ಯಾವುದಕ್ಕೆ ಅಂತೀರ ಅಂತ ಅವಳಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಅಡಿಗೆಮನೆಯಿಂದ ಕರೆದ್ರೆ ನಿಮಗೆ ಕೇಳಲ್ಲ, ಮುಖ ನೋಡ್ಕೊಂಡು ಕರೆದ್ರೆ ಮಾತ್ರ ಬರ್ತೀರ. ಟೀವಿ ಸೌಂಡು ಎದುರು ಮನೆ ದೇವರಾಜಂಗೆ ಕೇಳ್ತದೆ, ನಿಮಗೆ ಸಾಲ್ದು. ಈ ಗುಂಯ್ ಅನ್ನೋದು ಆ ರಬ್ಬರಲ್ಲಿಲ್ಲ ಕಣ್ರೀ. ನಿಮ್ಮೊಳಗದೆ."

"ನನ್ನೊಳಗಾ? ಯಾವಾಗಿಂದ?"

"ನನ್ನ ಕೇಳಿದ್ರೆ?"

ಗೋವಿಂದರಾಜು ನೆನಪು ಮಾಡಿಕೊಳ್ಳಲು ನೋಡಿದ. ಮಗಳ ಮದುವೆ ದಿನ ಎಲ್ಲರೂ ಮಲಗಿದ ಮೇಲೆ ಛತ್ರದಲ್ಲಿ? ಇತ್ತು. ಅದಕ್ಕೂ ಹಿಂದೆ, ಊರಿನ ಹೊಲದಲ್ಲಿ ಚಿಕ್ಕಪ್ಪನ ಜೊತೆ ಕೂತಿದ್ದಾಗ? ಇತ್ತು ಅನ್ನಿಸಿತು. ಹಿಂದೆ ಹಿಂದೆ ಹೋದಷ್ಟೂ ಅದು ಅಲ್ಲೇ ಇದ್ದಂತಿತ್ತು. ಅವನು ಅದನ್ನು ಒಂದು ಸದ್ದು ಎಂದು ಎಂದೂ ತಿಳಿದಿರಲಿಲ್ಲ. ಎಲ್ಲ ಸದ್ದೂ ನಿಂತ ಮೇಲೆ ಲೋಕದಲ್ಲಿ ಎಲ್ಲರಿಗೂ ಕೇಳಿಸುವುದು ಅದೇ ಎಂದುಕೊಂಡಿದ್ದ. ನಿಶ್ಶಬ್ದ ಅಂದರೆ ಗುಂಯ್.

"ಶಾಮಲಾ, ಈಗ ಕರೆಂಟಿಲ್ಲ. ಮಗ್ಗ ನಿಂತದೆ. ನಿಂಗೇನು ಕೇಳ್ತಿದೆ?"

ಅವಳು ಕಿವಿಗೊಟ್ಟಳು. "ಹಿಂದ್ಗಡೆ ಕಾಗೆ. ಆಮೇಲೆ... ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ ಹೆಂಗಿರುತ್ತೆ?"

ಶಾಮಲಾ ನಿಜವಾಗಿಯೂ ಯೋಚಿಸಿದಳು. ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. "ಏನೂ ಇಲ್ಲದಂಗಿರುತ್ತೆ," ಅಂದಳು. ಗಂಡನ ಮುಖ ನೋಡಿ, ಪಕ್ಕದಲ್ಲಿ ಕೂತು, ಸುಮ್ಮನೆ ಅವರೆಕಾಯಿ ಬಿಡಿಸತೊಡಗಿದಳು. ಗೋವಿಂದರಾಜುವಿಗೆ ಕಾಗೆ ಕೇಳಿಸಿರಲಿಲ್ಲ.

ಶುಕ್ರವಾರದವರೆಗೆ ಅವನು ತಳಮಳದಲ್ಲಿ ಕಳೆದ. ವಿಷಯ ಬಹಳ ಸರಳವಾಗಿತ್ತು. ಸರಳವಾದ್ದರಿಂದಲೇ ತಲೆ ತಿನ್ನುತ್ತಿತ್ತು. ಅಂಗಡಿಯ ಮುಂದೆ ನಿಂತು 'ಗುಂಯ್ ಅಂತದೆ' ಅಂದರೆ ಸಾಕು. ಅದು ಸುಳ್ಳೂ ಅಲ್ಲ, ಹಾಕಿಕೊಂಡರೆ ಗುಂಯ್ ಅನ್ನುವುದು ನಿಜ. ಬೀದಿ ಅವನ ಹಿಂದೆ ಇತ್ತು. ಚಲಪತಿ ಗೋಡೆ ಖಾಲಿ ಮಾಡುತ್ತಿದ್ದ. ಕಿವಿ ಗೋವಿಂದರಾಜು ಕಿವಿ ಗೋವಿಂದರಾಜುವಾಗಿಯೇ ಉಳಿಯುತ್ತಿದ್ದ. ಇನ್ನೊಂದು ಮಾತು ಹೇಳಿದರೆ ಮಾತ್ರ ಎಲ್ಲ ಹೋಗುತ್ತಿತ್ತು. ಕಣ್ಣು ಮುಚ್ಚಿ ನಿಲ್ಲುವ ಆ ಘಳಿಗೆಗಳೂ ಹೋಗುತ್ತಿದ್ದವು. ಅವು ಹೋದಮೇಲೆ ತಾನು ಯಾರು? ಕೆಲವು ಮಗ್ಗ, ಒಂದು ಬೋಳುತಲೆ.

ಹೋಗುವ ದಾರಿಯಲ್ಲೂ ಅವನು ತೀರ್ಮಾನ ಮಾಡಿರಲಿಲ್ಲ. ಚಲಪತಿಯ ಅಂಗಡಿಯ ಮುಂದೆ ಮುನಿರಾಮಯ್ಯ, ದೇವರಾಜ್, ಬೀದಿಯ ಇತರರು ಆಗಲೇ ಸೇರಿದ್ದರು. ಚಲಪತಿ ಗೋಡೆಯ ಒಂದು ಬದಿಯ ಇಯರ್‌ಫೋನುಗಳನ್ನು ಇಳಿಸಿ ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದ. ಯಾರೂ ಇನ್ನೂ ಏನೂ ಹೇಳಿರಲಿಲ್ಲ, ಅವನೇ ಸೋತೆನೆಂದುಕೊಂಡಿದ್ದ. ಬೆನ್ನು ಜನರ ಕಡೆಗಿತ್ತು.

"ಹೇಳ್ಬಿಡು ಗೋವಿಂದರಾಜು," ಅಂದ ಮುನಿರಾಮಯ್ಯ.

ಗೋವಿಂದರಾಜು ಬಾಯಿ ತೆರೆದ. ಏನು ಹೇಳುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. "ಇಳಿಸಬೇಡ ಚಲಪತಿ. ಇಯರ್‌ಫೋನು ಸರಿಯಾಗದೆ," ಎಂಬ ಮಾತು ಹೊರಗೆ ಬಂತು. "ಗುಂಯ್ ಅನ್ನೋದು ನನ್ನ ಕಿವಿ."

ಚಲಪತಿ ರಟ್ಟಿನ ಡಬ್ಬ ಹಿಡಿದುಕೊಂಡೇ ಜನರ ಕಡೆ ತಿರುಗಿದ.

"ಹಿಂಗನ್ನೋಕೆ ಚಲಪತಿ ನಿಂಗೇನು ಕೊಟ್ಟ?" ಅಂದ ಮುನಿರಾಮಯ್ಯ.

"ಏನೂ ಕೊಟ್ಟಿಲ್ಲ ಕಣಣ್ಣಾ. ಫೋನು ಸತ್ತೋಗಿತ್ತು, ಆಗಲೂ ಗುಂಯ್ ಅಂತು. ಪಿನ್ನು ಕಿತ್ತೆ, ಆಗಲೂ ಅಂತು. ಬರೀ ಬೆರಳು ಇಟ್ಕೊಂಡ್ರೂ ಅಂತದೆ. ಮಗ್ಗದ ಸದ್ದು ಕಿವಿ ಒಳಗೇ ಕೂತ್ಬಿಟ್ಟದೆ."

"ನಿನ್ ಕಿವಿ ಕೆಟ್ಟದೆ ಅಂದ್ರೆ, ನಂಗೂ ಕೇಳ್ತದಲ್ಲ, ನಂದೂ ಕೆಟ್ಟದೆ ಅಂತಾನ?"

"ಹೂಂ."

"ದೇವರಾಜಂದು?"

"ಹೂಂ ಅಣ್ಣ."

ಮುನಿರಾಮಯ್ಯ ಮುಖ ಕೆಂಪಗೆ ಮಾಡಿಕೊಂಡು ಎರಡು ಬೆರಳನ್ನು ಕಿವಿಗೆ ತುರುಕಿದ. ದೇವರಾಜ್ ತುರುಕಿದ. ಹಿಂದಿದ್ದವರೂ ಒಬ್ಬೊಬ್ಬರಾಗಿ ತುರುಕಿದರು. ಬಸ್ ಸ್ಟ್ಯಾಂಡ್ ರಸ್ತೆಯ ನಡುಹಗಲಿನಲ್ಲಿ, ದೊಡ್ಡ ದೊಡ್ಡ ಮೀಸೆಯ ಗಂಡಸರು ಕಿವಿಗೆ ಬೆರಳಿಟ್ಟು, ಕಣ್ಣು ಅರ್ಧ ಮುಚ್ಚಿ, ಅತ್ತಿತ್ತ ತಿರುಗುತ್ತ ನಿಂತರು. ಹೋಗುತ್ತಿದ್ದ ಬಸ್ಸಿನ ಜನ ಕಿಟಕಿಗೆ ಬಂದು, ಏನೋ ಸ್ಫೋಟವಾಗುತ್ತದೆಂದು ತಾವೂ ಕಿವಿ ಮುಚ್ಚಿಕೊಂಡರು.

"ಏನ್ರಪ್ಪಾ ಇದು?" ಅಂದಳು ಪಾಪಮ್ಮ. ಯಾರಿಗೂ ಕೇಳಿಸಲಿಲ್ಲ.

"ನಂದು ಇನ್ನೂ ಕೀಂಯ್ ಅಂತಾನೇ ಅಂತದೆ," ಅಂದ ದೇವರಾಜ್ ಬೆರಳು ತೆಗೆದು. ಅವನ ದನಿಯಲ್ಲಿ ಗಾಬರಿಯ ಜೊತೆ ಕೊಂಚ ಹೆಮ್ಮೆಯೂ ಇತ್ತು. "ನಿಮ್ದೆಲ್ಲ ದಪ್ಪ ಗುಂಯ್. ನಂದು ಸಣ್ಣದು, ತೆಳ್ಳಗೆ."

"ತೆಳ್ಳಗಿದ್ರೆ ಒಳ್ಳೇದಾ, ದಪ್ಪಗಿದ್ರೆ ಒಳ್ಳೇದಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಸ್ವಲ್ಪ ಹೊತ್ತು ಆ ಚರ್ಚೆಯೇ ನಡೆಯಿತು. ತೀರ್ಮಾನವಾಗಲಿಲ್ಲ.

ಮುನಿರಾಮಯ್ಯ ಮಾತ್ರ ಚರ್ಚೆಗೆ ಸೇರಲಿಲ್ಲ. "ಬೆರಳಲ್ಲೂ ಬರ್ತದೆ ಅಂದ್ರೆ ಏನರ್ಥ? ಆ ಇಯರ್‌ಫೋನು ಮುಟ್ಟಿ ಮುಟ್ಟಿ ಬೆರಳಿಗೂ ಹತ್ತದೆ," ಎಂದು ಸಾರಿ, ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಮನೆ ಕಡೆ ನಡೆದ. ಅವನ ಹಿಂದೆ ಇನ್ನಿಬ್ಬರು ಹೋದರು, ಅವರೂ ಒರೆಸಿಕೊಳ್ಳುತ್ತ.

ಗೆದ್ದೆನೋ ಸೋತೆನೋ ಚಲಪತಿಗೆ ತಿಳಿಯಲಿಲ್ಲ. ಇಳಿಸಿದ್ದನ್ನೆಲ್ಲ ಮತ್ತೆ ಗೋಡೆಗೆ ನೇತುಹಾಕುತ್ತ, "ಅಣ್ಣಾ, ಕಿವಿ ಡಾಕ್ಟ್ರಿಗೆ ಒಂದ್ಸಲ ತೋರಿಸ್ಕೊಳ್ಳಿ," ಅಂದ. ಆಮೇಲೆ ಸಣ್ಣ ದನಿಯಲ್ಲಿ, "ಅದನ್ನ ನೀವೇ ಇಟ್ಕೊಳ್ಳಿ. ಸೌಂಡು ಮಾತ್ರ ಅರ್ಧಕ್ಕಿಂತ ಮೇಲೆ ಇಡ್ಬೇಡಿ," ಎಂದು ಸೇರಿಸಿದ. ಸಣ್ಣ ದನಿಯಲ್ಲಿ ಹೇಳಿದ್ದರಿಂದ ಅದನ್ನು ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು.

ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿ, ಒಂದು ಡಬ್ಬದಂಥ ಕೋಣೆಯಲ್ಲಿ ಕೂರಿಸಿ ಸಣ್ಣ ಸಣ್ಣ ಸದ್ದು ಕೇಳಿಸಿದರು. ಕೇಳಿಸಿದಾಗ ಕೈ ಎತ್ತಬೇಕು. ಗೋವಿಂದರಾಜು ಗೊಂದಲದಲ್ಲಿ ಕೆಲವು ಸಲ ಗುಂಯ್‌ಗೂ ಕೈ ಎತ್ತಿದ. ಮಗ್ಗದ ಗದ್ದಲದಲ್ಲಿ ಕೆಲಸ ಮಾಡುವವರಿಗೆ ಇದು ಬರುತ್ತದೆ, ಹೋಗುವುದು ಕಷ್ಟ, ಇನ್ನು ಹೆಚ್ಚದಂತೆ ಮಗ್ಗದ ಮನೆಯಲ್ಲಿ ಕಿವಿ ಮುಚ್ಚಿಕೊಂಡೇ ಕೆಲಸ ಮಾಡಿ ಎಂದರು ಡಾಕ್ಟರು. ಕಿವಿ ಮುಚ್ಚಿಕೊಂಡು ಮಗ್ಗ ಓಡಿಸುವುದು ಹೇಗೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಉತ್ತರ ಅವನಿಗೆ ಕೇಳಿಸುತ್ತಿತ್ತೋ ಇಲ್ಲವೋ.

ಕೆಲವು ದಿನ ಯಾರೂ ಅವನನ್ನು ಕರೆಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ದೇವರಾಜ್ ಬಾಗಿಲಲ್ಲಿ ಬಂದು ನಿಂತ. ಅವನ ಮುಂದಿನ ಮಗ್ಗ ಎರಡು ದಿನದಿಂದ ಸೀರೆಯ ಅಂಚನ್ನು ಕಚ್ಚುತ್ತಿತ್ತು.

"ಕಿವಿ ಕೊಡಲ್ಲ ಅಂತ ಬೀದಿ ಮುಂದೆ ಹೇಳಿದೀನಲ್ಲಪ್ಪ," ಅಂದ ಗೋವಿಂದರಾಜು.

"ಕಿವಿ ಬೇಡ ಗುರು. ಸುಮ್ನೆ ಬಾ. ಒಬ್ಬನೇ ನೋಡಿ ನೋಡಿ ಸಾಕಾಗಿದೆ."

ಗೋವಿಂದರಾಜು ಹೋದ. ಮಗ್ಗದ ಮುಂದೆ ನಿಂತಾಗ ಕೈಗಳು ತಾವಾಗಿಯೇ ಹಿಂದಕ್ಕೆ ಹೋದವು, ಕಣ್ಣು ತಾನಾಗಿಯೇ ಮುಚ್ಚಿತು. ದೇವರಾಜ್ ಮತ್ತು ಅವನ ಮನೆಯವರು ಅಭ್ಯಾಸದಂತೆ ಪಕ್ಕಕ್ಕೆ ಸರಿದರು. ಮಗ್ಗ ಖಟಖಟ ಅನ್ನುತ್ತಿತ್ತು. ಆ ಖಟಖಟದಲ್ಲಿ ಒಂದು ಕಡೆ ಸ್ವಲ್ಪ ಎಡವಿದಂತೆ ಕೇಳಿಸಿತು. ಬಲಗಡೆಯಾ? ಅಥವಾ ತನ್ನ ಬಲಗಿವಿಯಾ? ಇಷ್ಟು ವರ್ಷ ಹೇಳಿದ್ದರಲ್ಲಿ ಯಾವುದು ಮಗ್ಗ ಹೇಳಿದ್ದು, ಯಾವುದು ತನ್ನ ತಲೆ ಹೇಳಿದ್ದು? ಹಳೆಯ ಗೋವಿಂದರಾಜು ಆಗಿದ್ದರೆ ಇಷ್ಟರಲ್ಲಿ ಒಂದು ರೋಗದ ಹೆಸರು ಹೇಳಿ ಕಾಫಿ ಕೇಳಿರುತ್ತಿದ್ದ.

ಅವನು ಕಣ್ಣು ತೆರೆದ. "ಗೊತ್ತಾಗ್ತಿಲ್ಲ ಕಣೋ," ಅಂದ.

ದೇವರಾಜ್ ಅವನ ತುಟಿಯನ್ನು ತಪ್ಪಾಗಿ ಓದಿದೆನೇನೋ ಎಂದು ಹತ್ತಿರ ಬಂದ. "ಏನಂದೆ?"

"ನಂಗೆ ಗೊತ್ತಾಗ್ತಿಲ್ಲ ಅಂದೆ. ಮಗ್ಗ ಆಫ್ ಮಾಡು. ಬಿಚ್ಚಿ ನೋಡೋಣ."

ಮಗ್ಗ ನಿಂತಿತು. ಇಬ್ಬರೂ ಮಂಡಿಯೂರಿ ಕೂತರು. ಗೋವಿಂದರಾಜು ಬಲಗಡೆಯ ತಿರುಪನ್ನು ಬಿಚ್ಚಿ ಕೆಳಗಿಟ್ಟು, ಕನ್ನಡಕ ಮೇಲಕ್ಕೆ ತಳ್ಳಿ, ಒಳಗೆ ಇಣುಕಿದ. ಎಣ್ಣೆ, ಧೂಳು, ನೂಲಿನ ಚೂರು.

"ಏನಾದ್ರೂ ಕಾಣ್ತಾ?" ಅಂದ ದೇವರಾಜ್.

"ಇನ್ನೂ ಏನಿಲ್ಲ. ಟಾರ್ಚು ಇತ್ಲಾಗೆ ಹಿಡಿಯೋ, ನನ್ನ ಮುಖಕ್ಕೆ ಬಿಡ್ತೀಯಲ್ಲ."